ವಾಚ್‌ಗೆ ಮ್ಯಾಗ್ನೆಟ್ ಹಿಡಿದಿದೆಯಾ? ಮುಚ್ಚಳ ಬಿಚ್ಚಿಸುವ ಮೊದಲು ಇಷ್ಟು ಮಾಡಿ

ಅಪ್ಪನ ಎಚ್‌ಎಂಟಿ ಜನತಾ ವಾಚ್ ಕಳೆದ ವರ್ಷ ಇದ್ದಕ್ಕಿದ್ದ ಹಾಗೆ ಓಡೋಕೆ ಶುರು ಮಾಡಿತು. ಬೆಳಿಗ್ಗೆ ಏಳಕ್ಕೆ ಕೀ ಕೊಟ್ಟು ಟೈಮ್ ಸರಿ ಮಾಡಿದರೆ ಮರುದಿನ ಏಳಕ್ಕೆ ಅದು ಏಳು ಹನ್ನೊಂದು ತೋರಿಸುತ್ತಿತ್ತು. 1979ರಲ್ಲಿ ಮದುವೆಗೆ ಅಂತ ತಾತ, ಅಂದರೆ ಅಮ್ಮನ ಅಪ್ಪ, ಕೊಟ್ಟ ವಾಚ್ ಅದು. ಇಷ್ಟು ವರ್ಷ ದಿನಕ್ಕೆ ಅರ್ಧ ನಿಮಿಷ ಆಚೀಚೆ ಆಗಿದ್ದು ಬಿಟ್ಟರೆ ತಕರಾರಿಲ್ಲದೆ ನಡೆದಿತ್ತು. "ವಯಸ್ಸಾಯ್ತು ಕಣೋ, ನಂಗೂ ಅದಕ್ಕೂ" ಅಂದರು ಅಪ್ಪ.

ಮನೆ ಹತ್ತಿರದ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದವರು ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಳಗಿನ ಪುಟ್ಟ ಕಡ್ಡಿಯೊಂದನ್ನು ಆ ಕಡೆ ತಳ್ಳಿ, ಮುಚ್ಚಿ ಕೊಟ್ಟರು. ನೂರೈವತ್ತು ರೂಪಾಯಿ. ಮರುದಿನ ನೋಡಿದರೆ ಹನ್ನೊಂದರ ಬದಲು ಆರು ನಿಮಿಷ ಮುಂದೆ. ಮತ್ತೆ ಹೋದೆ. "ಹಾಗಾದ್ರೆ ಫುಲ್ ಸರ್ವಿಸ್ ಮಾಡ್ಬೇಕು ಸರ್, ಇದರ ಪಾರ್ಟ್ಸ್ ಸಿಗೋದು ಬೇರೆ ಕಷ್ಟ" ಅಂದರು. ಸುಮ್ನೆ ವಾಪಸ್ ತಂದೆ.

ಆ ವಾಚ್‌ಗೆ ವಯಸ್ಸೂ ಆಗಿರಲಿಲ್ಲ, ಪಾರ್ಟೂ ಹೋಗಿರಲಿಲ್ಲ. ಮ್ಯಾಗ್ನೆಟ್ ಹಿಡಿದಿತ್ತು, ಅಂದರೆ ಒಳಗಿನ ಉಕ್ಕಿನ ಭಾಗಗಳೇ ಮ್ಯಾಗ್ನೆಟ್ ಥರ ಆಗಿದ್ದವು, ಅಷ್ಟೇ. ತೆಗೆಯೋಕೆ ಹತ್ತು ಸೆಕೆಂಡ್ ಸಾಕು, ವಾಚ್ ಬಿಚ್ಚೋದೂ ಬೇಡ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮೆಕ್ಯಾನಿಕಲ್ ವಾಚ್ ಇದ್ದಕ್ಕಿದ್ದಂತೆ ಫಾಸ್ಟ್ ಆದರೆ ಮೊದಲು ಮ್ಯಾಗ್ನೆಟ್ ನೋಡಿ, ಇದ್ದರೆ ತೆಗೆಯಿರಿ, ಆಮೇಲೆ ಬೇಕಾದರೆ ಮುಚ್ಚಳಕ್ಕೆ ಕೈ ಹಾಕಿಸಿ. ಈ ಸರದಿ ತಿರುವುಮುರುವಾದರೆ ಏನಾಗುತ್ತದೆ ಅನ್ನೋದು ನಮ್ಮ ವಾಚ್‌ನಲ್ಲೇ ಗೊತ್ತಾಯಿತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಕೀ ಕೊಡುವ ವಾಚ್‌ಗೆ ಮತ್ತು ಕೈ ಆಡಿಸಿದರೆ ತಾನೇ ಕೀ ತಗೊಳ್ಳುವ ಆಟೋಮ್ಯಾಟಿಕ್ ವಾಚ್‌ಗೆ ಮಾತ್ರ. ಸೆಲ್ ಹಾಕುವ ವಾಚ್‌ಗಲ್ಲ. ಮುಳ್ಳು ಇರುವ ಸೆಲ್ ವಾಚ್‌ನೊಳಗೆ ಒಂದು ಪುಟಾಣಿ ಮೋಟಾರ್ ಇರುತ್ತದೆ, ಅದರಲ್ಲಿ ತಿರುಗುವುದೇ ಒಂದು ಮ್ಯಾಗ್ನೆಟ್. ಹೊರಗಿನ ಮ್ಯಾಗ್ನೆಟ್ ಹತ್ತಿರ ಬಂದರೆ ಆ ಮೋಟಾರ್ ನಿಲ್ಲಬಹುದು, ದೂರ ಹೋದರೆ ಮತ್ತೆ ನಡೆಯುತ್ತದೆ. ಟೈಮ್ ಸರಿ ಮಾಡಿಕೊಂಡರೆ ಆಯಿತು. ಅದನ್ನು ಡಿಮ್ಯಾಗ್ನೆಟೈಸರ್, ಅಂದರೆ ಮ್ಯಾಗ್ನೆಟ್ ತೆಗೆಯುವ ಯಂತ್ರದ ಮೇಲಿಟ್ಟರೆ ಮೋಟಾರ್‌ನಲ್ಲಿ ಇದ್ದ ಮ್ಯಾಗ್ನೆಟ್ಟೂ ಕೆಡುವ ಅಪಾಯ ಇದೆ. ಸ್ಮಾರ್ಟ್ ವಾಚ್ ಅಂತೂ ಹತ್ತಿರ ತರಲೇಬೇಡಿ.

ಒಳಗೆ ಏನಾಗುತ್ತದೆ

ವಾಚ್‌ನೊಳಗೆ ಟಿಕ್ ಟಿಕ್ ಅನ್ನಿಸುವುದು ಬ್ಯಾಲೆನ್ಸ್ ವೀಲ್ ಅನ್ನೋ ಚಕ್ರ. ಅದು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ತಿರುಗುತ್ತಲೇ ಇರುತ್ತದೆ. ಅದನ್ನು ಪ್ರತಿ ಸಲ ವಾಪಸ್ ಎಳೆಯೋದು ಹೇರ್‌ಸ್ಪ್ರಿಂಗ್. ಹೆಸರೇ ಹೇಳುವಂತೆ ಕೂದಲಿನಷ್ಟು ತೆಳು. ಚಕ್ಕುಲಿ ಒತ್ತಿದ ಹಾಗೆ ಸುತ್ತು ಸುತ್ತಾಗಿ ಇರುತ್ತದೆ, ಸುತ್ತಿಗೂ ಸುತ್ತಿಗೂ ನಡುವೆ ಒಂದಿಷ್ಟೇ ಇಷ್ಟು ಸಂದು. ವಾಚ್ ನಡೆಯುವಾಗ ಈ ಚಕ್ಕುಲಿ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತಿರುತ್ತದೆ. ಜನತಾದಲ್ಲಿ ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಟಿಕ್. ಈಗಿನ ಎಷ್ಟೋ ಸ್ವಿಸ್ ವಾಚ್‌ಗಳಲ್ಲಿ 28,800, ಸೆಕೆಂಡಿಗೆ 8.

ಈ ಸ್ಪ್ರಿಂಗ್‌ಗೆ ಮ್ಯಾಗ್ನೆಟ್ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳೋಕೆ ಶುರು ಮಾಡುತ್ತವೆ. ಎಣ್ಣೆಗೆ ಬಿಟ್ಟ ಚಕ್ಕುಲಿಯ ಎರಡು ಸುತ್ತು ಅಂಟಿಕೊಂಡು ಒಂದೇ ಆಗುತ್ತಲ್ಲ, ಹಾಗೆ. ಅಂಟಿದ ಭಾಗ ಕೆಲಸ ಮಾಡುವುದಿಲ್ಲ, ಹಾಗಾಗಿ ಸ್ಪ್ರಿಂಗ್ ಉದ್ದ ಕಡಿಮೆಯಾದಂತೆ ಲೆಕ್ಕ. ಉಯ್ಯಾಲೆಯ ಹಗ್ಗ ಗಿಡ್ಡ ಮಾಡಿದರೆ ಅದು ಬೇಗ ಬೇಗ ತೂಗುತ್ತೆ ಅಲ್ವಾ, ಇಲ್ಲೂ ಅದೇ ಕತೆ. ವಾಚ್ ಫಾಸ್ಟ್.

ಎಷ್ಟು ಗಿಡ್ಡ ಆದರೆ ಎಷ್ಟು ಫಾಸ್ಟ್? ಲೆಕ್ಕ ಹಾಕಿ ನೋಡಿದೆ. ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದ ನೂರಕ್ಕೆ ಬರೀ ಒಂದೂವರೆ ಪಾಲು ಕಡಿಮೆಯಾದರೂ ದಿನಕ್ಕೆ ಹತ್ತು ಹನ್ನೊಂದು ನಿಮಿಷ ಮುಂದೆ ಹೋಗುತ್ತದೆ. ಇಡೀ ಸುತ್ತು ಅಂಟಬೇಕಾಗಿಯೂ ಇಲ್ಲ, ಪ್ರತಿ ಸಲ ಕುಗ್ಗಿದಾಗ ಒಂದು ಚೂರು ತಾಗಿ ಬಿಟ್ಟರೂ ಸಾಕು.

ಹಾಗಂತ ಮ್ಯಾಗ್ನೆಟ್ ಹಿಡಿದ ವಾಚ್ ಯಾವಾಗಲೂ ಫಾಸ್ಟೇ ಆಗುತ್ತೆ ಅಂತಲ್ಲ. ಟಿಕ್ ಹೊಡೆಯುವ ಕೊಕ್ಕೆ, ಅದರ ಪಕ್ಕದ ಹಲ್ಲಿನ ಚಕ್ರ ಇವೂ ಉಕ್ಕಿನವೇ. ಅವಕ್ಕೆ ಜೋರಾಗಿ ಹಿಡಿದರೆ ವಾಚ್ ನಿಧಾನ ಆಗಬಹುದು, ನಿಂತೇ ಹೋಗಬಹುದು, ಕೆಲವು ಗಂಟೆ ಸರಿ ನಡೆದು ಆಮೇಲೆ ಹುಚ್ಚಾಟ ಆಡಬಹುದು. ಆದರೆ ಹತ್ತರಲ್ಲಿ ಎಂಟು ಸಲ ಅನ್ನುವಷ್ಟು ಮಾಮೂಲಿಯಾಗಿ ಕಾಣೋದು ಫಾಸ್ಟ್.

ಈಗಿನ ಹೇರ್‌ಸ್ಪ್ರಿಂಗ್‌ಗಳು ಮೊದಲಿನ ಬರೀ ಉಕ್ಕಿನ ಸ್ಪ್ರಿಂಗ್‌ಗಳಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ. ನಿಕ್ಕಲ್ ಬೆರೆಸಿದ ಉಕ್ಕಿನ ಮೇಲೆ ಕೆಲಸ ಮಾಡಿದ ಷಾರ್ಲ್ ಎಡ್ವರ್ಡ್ ಗಿಯೋಮ್ ಅವರಿಗೆ 1920ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬಿಸಿಗೆ ಚಳಿಗೆ ಬಗ್ಗದ ಸ್ಪ್ರಿಂಗ್ ಹುಟ್ಟಿದ್ದು ಆ ಕೆಲಸದಿಂದ. ಆದರೂ ಅದರಲ್ಲಿ ಕಬ್ಬಿಣ ಇದ್ದೇ ಇದೆ, ಹಾಗಾಗಿ ಮ್ಯಾಗ್ನೆಟ್ ಪೂರ್ತಿ ತಪ್ಪುವುದಿಲ್ಲ.

ಮೊದಲು ಅಳತೆ ತಗೊಳ್ಳಿ

"ಸ್ವಲ್ಪ ಫಾಸ್ಟ್ ಹೋಗ್ತಿದೆ" ಅಂದರೆ ಸಾಲದು. ಎಷ್ಟು ಅಂತ ಬೇಕು. ಕೀ ಪೂರ್ತಿ ಕೊಡಿ. ಆಟೋಮ್ಯಾಟಿಕ್ ಆದರೆ ಅದನ್ನೂ ಕೈಯಲ್ಲಿ ಮೂವತ್ತು ನಲವತ್ತು ಸಲ ತಿರುಗಿಸಿ ಕೀ ತುಂಬಿಸಿ. ಕೈಯಲ್ಲಿ ಕೀ ತಗೊಳ್ಳದ ಆಟೋಮ್ಯಾಟಿಕ್ ಆಗಿದ್ದರೆ ಒಂದು ದಿನ ಕಟ್ಟಿಕೊಂಡು ಓಡಾಡಿ. ಕೀ ಕಡಿಮೆ ಇರುವಾಗ ತೆಗೆದ ಅಳತೆ ನಂಬೋಕಾಗಲ್ಲ.

ಹಳೆಯ ವಾಚ್‌ಗಳಲ್ಲಿ ಬಹಳಷ್ಟಕ್ಕೆ ಕೀ ಗುಂಡಿ ಹೊರಗೆ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಹಾಗಾಗಿ ಸೆಕೆಂಡಿಗೆ ಸರಿಯಾಗಿ ಹೊಂದಿಸೋಕೆ ಒದ್ದಾಡಬೇಡಿ. ಮೊಬೈಲ್‌ನಲ್ಲಿ ವಾಚ್‌ನ ಫೋಟೋ ತೆಗೆಯಿರಿ. ಫೋಟೋದ ವಿವರದಲ್ಲಿ ಅದನ್ನು ತೆಗೆದ ಹೊತ್ತು ಸೆಕೆಂಡ್ ಸಮೇತ ದಾಖಲಾಗಿರುತ್ತದೆ, ಫೋಟೋದೊಳಗೆ ವಾಚ್ ತೋರಿಸುವ ಟೈಮ್ ಇರುತ್ತದೆ. ಎರಡರ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ಸರಿಯಾಗಿ 24 ಗಂಟೆ ಬಿಟ್ಟು ಇನ್ನೊಂದು ಫೋಟೋ. ಎರಡು ವ್ಯತ್ಯಾಸಗಳನ್ನು ಕಳೆದರೆ ದಿನಕ್ಕೆ ಎಷ್ಟು ಓಡುತ್ತಿದೆ ಅಂತ ಸೆಕೆಂಡ್ ಲೆಕ್ಕದಲ್ಲಿ ಸಿಗುತ್ತದೆ. ಫೋಟೋ ತೆಗೆಯುವಾಗ ಮೊಬೈಲನ್ನು ವಾಚ್‌ಗೆ ತಾಗಿಸಬೇಡಿ, ಒಂದು ಗೇಣು ದೂರ ಇರಲಿ. ಮೊಬೈಲ್ ಸ್ಪೀಕರ್‌ನಲ್ಲೇ ಮ್ಯಾಗ್ನೆಟ್ ಇದೆ, ನಾವು ಹಿಡಿಯೋಕೆ ಹೊರಟ ಕಳ್ಳನೇ ಕ್ಯಾಮೆರಾ ಹಿಡಿದ ಹಾಗಾಗುತ್ತದೆ.

ಈಗ ಈ ಸಂಖ್ಯೆಯನ್ನು ಹೇಗೆ ಓದೋದು? ಹತ್ತು ಹದಿನೈದು ಸೆಕೆಂಡ್ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಕೀ ವಾಚ್‌ಗೆ ಅರ್ಧ ಮುಕ್ಕಾಲು ನಿಮಿಷವೂ ನಡೆಯುತ್ತದೆ. ವರ್ಷ ವರ್ಷಕ್ಕೂ ಸ್ವಲ್ಪ ಸ್ವಲ್ಪವೇ ಹದಗೆಡುತ್ತಾ ಬಂದಿದ್ದರೆ ಅದು ಒಣಗಿದ ಎಣ್ಣೆ, ಧೂಳಿನ ಕೆಲಸ, ಅದಕ್ಕೆ ಸರ್ವಿಸ್ಸೇ ಬೇಕು. ನಿನ್ನೆವರೆಗೂ ಸರಿ ಇದ್ದದ್ದು ಇವತ್ತಿನಿಂದ ನಿಮಿಷಗಟ್ಟಲೆ ಓಡುತ್ತಿದೆ, ಬಿದ್ದಿಲ್ಲ, ನೀರು ಹೋಗಿಲ್ಲ ಅಂದರೆ ಮ್ಯಾಗ್ನೆಟ್ ಮೇಲೆ ಅನುಮಾನ ಪಡಿ. ಬಿದ್ದಿದ್ದರೆ ಬೇರೆ ಮಾತು. ಬಿದ್ದಾಗ ಹೇರ್‌ಸ್ಪ್ರಿಂಗ್‌ನ ಸುತ್ತು ಒಂದರ ಮೇಲೊಂದು ಸಿಕ್ಕಿಕೊಂಡರೂ ಇದೇ ಲಕ್ಷಣ ಬರುತ್ತದೆ.

ದಿಕ್ಸೂಚಿ ಪರೀಕ್ಷೆ

ಇದಕ್ಕೆ ಬೇಕಿರೋದು ಸ್ಕೂಲ್ ಮಕ್ಕಳ ಬಳಿ ಇರುವಂಥ ಒಂದು ಪುಟ್ಟ ದಿಕ್ಸೂಚಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ್ದು ಸಾಕು. ಮೊಬೈಲ್‌ನ ದಿಕ್ಸೂಚಿ ಆ್ಯಪ್‌ನಲ್ಲೂ ಜನ ನೋಡುತ್ತಾರೆ, ನಾನು ಬೇಡ ಅನ್ನುತ್ತೇನೆ. ಅದಕ್ಕೆ ವಾಚನ್ನು ಮೊಬೈಲ್‌ಗೆ ತಾಗುವಷ್ಟು ಹತ್ತಿರ ತರಬೇಕಾಗುತ್ತದೆ, ಅದರ ಕವರ್‌ನಲ್ಲಿ ಮ್ಯಾಗ್ನೆಟ್ ಇದ್ದರಂತೂ ಇಲ್ಲದ ರೋಗ ಅಂಟಿಸಿಕೊಂಡ ಹಾಗೆ.

ಮರದ ಮೇಜಿನ ಮೇಲೆ ದಿಕ್ಸೂಚಿ ಇಡಿ. ಕಬ್ಬಿಣದ ಮೇಜು, ಗೋದ್ರೆಜ್ ಬೀರು, ಲ್ಯಾಪ್‌ಟಾಪ್ ಇವೆಲ್ಲದರಿಂದ ದೂರ. ಮುಳ್ಳು ಅಲ್ಲಾಡಿ ಅಲ್ಲಾಡಿ ಉತ್ತರಕ್ಕೆ ನಿಲ್ಲಲಿ. ವಾಚ್‌ನ ಬೆಲ್ಟ್ ಸ್ಟೀಲ್ ಆಗಿದ್ದರೆ ಆದಷ್ಟು ಆಚೆಗೆ ಮಡಚಿ ಹಿಡಿದು, ಡಯಲ್ ಮೇಲೆ ಮಾಡಿ, ವಾಚನ್ನು ಪೂರ್ವದ ಕಡೆಯಿಂದ ಮೆಲ್ಲಗೆ ಹತ್ತಿರ ತನ್ನಿ.

ಇಲ್ಲೇ ಬಹಳ ಜನ ಎಡವುತ್ತಾರೆ. ಮುಳ್ಳು ಒಂಚೂರು ಅಲ್ಲಾಡಿದ ಕೂಡಲೇ "ಅಯ್ಯೋ, ಮ್ಯಾಗ್ನೆಟ್ ಇದೆ" ಅಂತ ತೀರ್ಮಾನ ಮಾಡುತ್ತಾರೆ. ವಾಚ್‌ನೊಳಗೆ ಉಕ್ಕಿನ ಸ್ಕ್ರೂ, ಚಕ್ರದ ಅಚ್ಚು, ಕೀ ಸ್ಪ್ರಿಂಗ್ ಎಲ್ಲ ಇರುವಾಗ ಮುಳ್ಳು ಸ್ವಲ್ಪ ಎಳೆಸಿಕೊಳ್ಳೋದು ಸಹಜ. ಮ್ಯಾಗ್ನೆಟ್ ಹಿಡಿಯದ ಕಬ್ಬಿಣವೂ ದಿಕ್ಸೂಚಿಯ ಮುಳ್ಳನ್ನು ಎಳೆಯುತ್ತದೆ. ಆದರೆ ಅದಕ್ಕೆ ಎಳೆಯೋದು ಮಾತ್ರ ಗೊತ್ತು, ತಳ್ಳೋದು ಗೊತ್ತಿಲ್ಲ. ತಳ್ಳಬೇಕಾದರೆ ಅದೇ ಮ್ಯಾಗ್ನೆಟ್ ಆಗಿರಬೇಕು.

ಹಾಗಾಗಿ ವಾಚನ್ನು ಮುಳ್ಳಿನ ಒಂದು ತುದಿಯ ಹತ್ತಿರ ಹಿಡಿದು ನಿಧಾನಕ್ಕೆ ಬೆರಳಲ್ಲೇ ಒಂದು ಸುತ್ತು ತಿರುಗಿಸಿ. 12ರ ಕಡೆ, 3ರ ಕಡೆ, 6ರ ಕಡೆ, 9ರ ಕಡೆ ಹೀಗೆ ಪ್ರತಿಯೊಂದು ಬದಿಯನ್ನೂ ಮುಳ್ಳಿಗೆ ತೋರಿಸಿ. ಯಾವ ಬದಿ ತೋರಿಸಿದರೂ ಮುಳ್ಳು ಬರೀ ಹತ್ತಿರ ಬರುತ್ತಿದೆಯಾ? ಮ್ಯಾಗ್ನೆಟ್ ಇಲ್ಲ, ಅಥವಾ ಇದ್ದರೂ ತುಂಬಾ ಕಡಿಮೆ. ಒಂದು ಬದಿಗೆ ಹತ್ತಿರ ಬಂದು ಇನ್ನೊಂದು ಬದಿಗೆ ದೂರ ಸರಿಯುತ್ತಿದೆಯಾ? ಹಿಡಿದಿದೆ, ಅನುಮಾನವೇ ಬೇಡ. ಅಪ್ಪನ ವಾಚ್‌ನಲ್ಲಿ 4ರ ಕಡೆ ತೋರಿಸಿದಾಗ ಮುಳ್ಳಿನ ಕೆಂಪು ತುದಿ ಬೆಚ್ಚಿದ ಹಾಗೆ ಹಿಂದೆ ಸರಿಯಿತು, 10ರ ಕಡೆ ತಿರುಗಿಸಿದರೆ ಬೆನ್ನಟ್ಟಿಕೊಂಡು ಬಂತು. ನೋಡ್ತಾ ಕೂತಿದ್ದ ಅಪ್ಪ "ಇದೇನೋ ನಿಂಬೆಹಣ್ಣು ಮಂತ್ರಿಸೋ ಥರ ಇದೆ" ಅಂದರು.

ಕೆಲವೊಮ್ಮೆ ದಿಕ್ಸೂಚಿಯನ್ನು ವಾಚ್ ಗಾಜಿನ ಮೇಲೆ ಬ್ಯಾಲೆನ್ಸ್ ವೀಲ್ ಇರುವ ಜಾಗಕ್ಕೆ ಸರಿಯಾಗಿ ಇಟ್ಟರೆ ಮುಳ್ಳು ಸಣ್ಣಗೆ ನಡುಗುತ್ತದೆ. ಅದೂ ಒಳ್ಳೆಯ ಸುಳಿವು. ಆದರೆ ನಡುಗದಿದ್ದರೆ ಮ್ಯಾಗ್ನೆಟ್ ಇಲ್ಲ ಅಂತ ಅರ್ಥ ಅಲ್ಲ.

ದಿಕ್ಸೂಚಿಗೂ ಗೊತ್ತಾಗದಷ್ಟು ಸಣ್ಣ ಮಟ್ಟದಲ್ಲಿ ಹೇರ್‌ಸ್ಪ್ರಿಂಗ್‌ಗೆ ಮಾತ್ರ ಹಿಡಿದಿರುವುದೂ ಉಂಟು. ಲಕ್ಷಣ ಎಲ್ಲ ಹೊಂದುತ್ತಿದ್ದು ದಿಕ್ಸೂಚಿ ಮಾತ್ರ ಸುಮ್ಮನಿದ್ದರೆ ನಾನಾದರೆ ಒಮ್ಮೆ ಡಿಮ್ಯಾಗ್ನೆಟೈಸ್ ಮಾಡಿಯೇ ನೋಡುತ್ತೇನೆ. ಸರಿಯಾಗಿ ಮಾಡಿದರೆ ವಾಚ್‌ಗೆ ಅದರಿಂದ ನಷ್ಟ ಇಲ್ಲ.

ಮ್ಯಾಗ್ನೆಟ್ ತೆಗೆಯುವುದು

ಎರಡು ದಾರಿ. ಹಳೆಯ ವಾಚ್ ರಿಪೇರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಡಿಮ್ಯಾಗ್ನೆಟೈಸರ್ ಇದ್ದೇ ಇರುತ್ತದೆ, ಅವರ ಇಕ್ಕಳ, ಸ್ಕ್ರೂಡ್ರೈವರ್‌ಗೂ ಮ್ಯಾಗ್ನೆಟ್ ಹಿಡಿಯುತ್ತಲ್ಲ. ಹೋಗಿ "ಮುಚ್ಚಳ ತೆಗೀಬೇಡಿ, ಬರೀ ಮ್ಯಾಗ್ನೆಟ್ ತೆಗೆದುಕೊಡಿ" ಅಂತ ಕೇಳಿ. ಚಹಾ ಖರ್ಚು ಕೊಟ್ಟರೆ ಮಾಡಿಕೊಡುವವರು ಇದ್ದಾರೆ. ಕೆಲವರು ಅದನ್ನೂ ತಗೊಳ್ಳುವುದಿಲ್ಲ.

ಇನ್ನೊಂದು, ನೀವೇ ತರಿಸಿಕೊಳ್ಳೋದು. ಆನ್‌ಲೈನ್‌ನಲ್ಲಿ ಅಂಗೈ ಅಗಲದ ನೀಲಿ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ, ಮೇಲೆ ಒಂದು ಗುಂಡಿ, ಹಿಂದೆ ಒಂದು ವೈರ್. ಮನೆಯಲ್ಲಿ ಎರಡು ಮೂರು ಮೆಕ್ಯಾನಿಕಲ್ ವಾಚ್ ಇರುವವರಿಗೆ ಧಾರಾಳವಾಗಿ ಸಾರ್ಥಕ. ಕೊಳ್ಳುವ ಮೊದಲು ನೋಡಬೇಕಾದ್ದು ಒಂದೇ: ಡಬ್ಬಿಯ ಮೇಲೆ 220-240 ವೋಲ್ಟ್ ಅಂತ ಇದೆಯಾ? 110 ವೋಲ್ಟಿನದು ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟು ಹೋಗುತ್ತದೆ. ಚಪ್ಪಟೆ ಪಿನ್‌ಗೆ ಅಡಾಪ್ಟರ್ ಹಾಕಿದರೆ ಪಿನ್ ಬದಲಾಗುತ್ತದೆ ಅಷ್ಟೇ, ವೋಲ್ಟ್ ಬದಲಾಗಲ್ಲ. ಮನೆಯಲ್ಲಿ ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅವರು ಇದನ್ನು ಮುಟ್ಟಬಾರದು, ಆ ಕೋಣೆಯಲ್ಲೂ ಇರಬೇಡಿ ಅನ್ನಿ. ಎಟಿಎಂ ಕಾರ್ಡ್, ಮೊಬೈಲ್, ಹಾರ್ಡ್ ಡಿಸ್ಕ್, ನಿಮ್ಮ ಕೈಯಲ್ಲಿರುವ ಸೆಲ್ ವಾಚ್ ಎಲ್ಲ ಇನ್ನೊಂದು ಕೋಣೆಗೆ.

ಡಬ್ಬಿಯೊಳಗೆ ಇರೋದು ತಂತಿ ಸುತ್ತಿದ ಒಂದು ಸುರುಳಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಗುಂಡಿ ಒತ್ತಿದಾಗ ಸುರುಳಿಯ ಉತ್ತರ ದಕ್ಷಿಣ ಸೆಕೆಂಡಿಗೆ ನೂರು ಸಲ ಅದಲು ಬದಲಾಗುತ್ತವೆ. ವಾಚ್‌ನೊಳಗಿನ ಮ್ಯಾಗ್ನೆಟ್ಟೂ ಅದರ ಹಿಂದೆಯೇ ಆ ಕಡೆ ಈ ಕಡೆ ತಿರುಗುತ್ತದೆ. ನೀವು ವಾಚನ್ನು ದೂರ ಒಯ್ಯುತ್ತಾ ಹೋದ ಹಾಗೆ ಈ ಎಳೆದಾಟ ಪ್ರತಿ ಸಲ ಚೂರು ಚೂರು ಕಡಿಮೆ ಆಗುತ್ತಾ ಕೊನೆಗೆ ಸೊನ್ನೆಗೆ ಬಂದು ನಿಲ್ಲುತ್ತದೆ. ಅಂದರೆ ಕೆಲಸ ಮಾಡೋದು ಡಬ್ಬಿ ಅಲ್ಲ, ನೀವು ವಾಚನ್ನು ಮೆಲ್ಲಗೆ ದೂರ ಒಯ್ಯುವುದು. ಇದೊಂದು ತಲೆಯಲ್ಲಿದ್ದರೆ ಉಳಿದದ್ದನ್ನು ನೆನಪಿಟ್ಟುಕೊಳ್ಳುವುದೇ ಬೇಡ.

ಮಾಡುವ ಕ್ರಮ ಹೀಗೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಪ್ಲಗ್ ಹಾಕಿ. ವಾಚನ್ನು ಒಂದು ಕೈಯಲ್ಲಿ ಡಬ್ಬಿಯಿಂದ ಒಂದೆರಡು ಅಡಿ ಮೇಲೆ ಹಿಡಿದುಕೊಳ್ಳಿ. ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿ, ಬಿಡಬೇಡಿ. ಡಬ್ಬಿ ಗುಂಯ್ ಅನ್ನುತ್ತದೆ. ಈಗ ವಾಚನ್ನು ಕೆಳಗೆ ತಂದು ಡಬ್ಬಿಗೆ ಮುಟ್ಟಿಸಿ. ಬೆರಳಿಗೆ ಜುಮ್ ಅನ್ನೋ ನಡುಕ ಗೊತ್ತಾಗುತ್ತದೆ, ಗಾಬರಿ ಬೇಡ, ಶಾಕ್ ಅಲ್ಲ, ಒಳಗಿನ ಉಕ್ಕು ಕರೆಂಟಿನ ಜೊತೆ ಕುಣಿಯುತ್ತಿದೆ ಅಷ್ಟೇ. ಒಂದೆರಡು ಸೆಕೆಂಡ್ ಬಿಟ್ಟು, ಗುಂಡಿ ಒತ್ತಿಕೊಂಡೇ, ವಾಚನ್ನು ನೇರ ಮೇಲಕ್ಕೆ ನಿಧಾನವಾಗಿ ಎತ್ತಿ. ಬಿಸಿ ಕಾಫಿ ಲೋಟ ತುಳುಕದ ಹಾಗೆ ಎತ್ತುವ ವೇಗದಲ್ಲಿ. ಕೈ ಪೂರ್ತಿ ಚಾಚುವಷ್ಟು ದೂರ ಹೋದ ಮೇಲೆ, ಬೆರಳಿನ ನಡುಕ ನಿಂತು ಇನ್ನೂ ಒಂದಡಿ ಆಚೆ ಹೋದ ಮೇಲೆ, ಆಗ ಮಾತ್ರ ಗುಂಡಿ ಬಿಡಿ.

ವಾಚ್ ಡಬ್ಬಿಯ ಮೇಲೆ ಇರುವಾಗಲೇ ಗುಂಡಿ ಬಿಟ್ಟರೆ? ಆ ಕ್ಷಣದಲ್ಲಿ ಕರೆಂಟ್ ಯಾವ ಕಡೆ ಇತ್ತೋ ಆ ಕಡೆಗೆ ಮ್ಯಾಗ್ನೆಟ್ ಗಟ್ಟಿಯಾಗಿ ಕೂತುಬಿಡುತ್ತದೆ, ಮೊದಲಿಗಿಂತ ಜೋರಾಗಿ. ನನಗೂ ಮೊದಲ ಸಲ ಹೀಗೇ ಆಯಿತು, ಹೆಬ್ಬೆರಳು ಜಾರಿತು. ದಿಕ್ಸೂಚಿಯ ಹತ್ತಿರ ಹಿಡಿದರೆ ಮುಳ್ಳು ಗಿರಕಿ ಹೊಡೆಯಿತು. ಹೆದರೋದು ಬೇಡ, ಮತ್ತೆ ಮೊದಲಿಂದ ಸರಿಯಾಗಿ ಮಾಡಿದರೆ ಹೋಗುತ್ತದೆ. ಕರೆಂಟ್ ಹೋಗಿ ಬರುವ ಹೊತ್ತಿನಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ಕಾರಣ ಇದೇ.

ಒಂದು ಸಲ ಡಯಲ್ ಮೇಲೆ ಮಾಡಿ, ಒಂದು ಸಲ ಬೋರಲು ಮಾಡಿ, ಒಂದು ಸಲ ಕೀ ಗುಂಡಿ ಕೆಳಗೆ ಬರುವಂತೆ ನಿಲ್ಲಿಸಿ, ಮೂರು ಸಲ ಮಾಡಿದರೆ ಸಾಕು. ನಡುವೆ ಡಬ್ಬಿ ತಣ್ಣಗಾಗಲಿ, ಒಂದೇ ಸಮನೆ ಹತ್ತು ಸೆಕೆಂಡಿಗಿಂತ ಜಾಸ್ತಿ ಒತ್ತಿದರೆ ಸುರುಳಿ ಕಾಯುತ್ತದೆ, ಅಗ್ಗದ್ದು ಸುಟ್ಟ ವಾಸನೆಯನ್ನೂ ಬಿಡುತ್ತದೆ. ಆಟೋಮ್ಯಾಟಿಕ್ ವಾಚ್‌ನಲ್ಲಿ ಒಳಗಿನ ತೂಗುಬಿಲ್ಲೆ ಗಿರ್ ಅಂದರೆ ಅದೂ ಸಹಜ.

ಗುಂಡಿ ಒತ್ತಿದರೆ ಒಂದೇ ಏಟಿಗೆ ಬಡಿತ ಕೊಟ್ಟು ನಿಲ್ಲುವ ಬೇರೆ ನಮೂನೆಯ ಯಂತ್ರಗಳೂ ಇವೆ. ಅವುಗಳಲ್ಲಿ ದೂರ ಒಯ್ಯುವ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ನಿಮ್ಮದು ಯಾವುದು ಅಂತ ಜೊತೆಗೆ ಬಂದ ಚೀಟಿ ಓದಿಕೊಳ್ಳಿ.

ಇನ್ನೊಂದು ಮ್ಯಾಗ್ನೆಟ್ ತಂದು ಉಲ್ಟಾ ಉಜ್ಜಿದರೆ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕು ಬಿಟ್ಟುಬಿಡಿ.

ಮತ್ತೆ ಅಳೆಯಿರಿ

ದಿಕ್ಸೂಚಿ ಒಮ್ಮೆ ತೋರಿಸಿ, ತಳ್ಳುವುದು ನಿಂತಿದೆಯಾ ನೋಡಿ. ಕೀ ಪೂರ್ತಿ ಕೊಟ್ಟು ಮೊದಲಿನ ಹಾಗೇ ಫೋಟೋ, 24 ಗಂಟೆ, ಮತ್ತೆ ಫೋಟೋ. ವಾಚ್ ತನ್ನ ಹಳೆಯ ಲಯಕ್ಕೆ ಬಂದಿದ್ದರೆ ಕೆಲಸ ಮುಗಿಯಿತು. ಮುಳ್ಳು ತಳ್ಳೋದು ನಿಂತರೂ ವಾಚ್ ನಿಮಿಷಗಟ್ಟಲೆ ಓಡುತ್ತಲೇ ಇದ್ದರೆ ಹೇರ್‌ಸ್ಪ್ರಿಂಗ್ ಸಿಕ್ಕುಬಿದ್ದಿರಬಹುದು, ಇಲ್ಲವೇ ಅದರ ಮೇಲೆ ಎಣ್ಣೆ ಹರಿದು ಸುತ್ತುಗಳು ಎಣ್ಣೆಯಿಂದಲೇ ಅಂಟಿರಬಹುದು. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ, ಈಗ ಮುಚ್ಚಳ ತೆಗೆಸಿ.

ಎಲ್ಲಿಂದ ಬಂತು

ತೆಗೆದ ಮೇಲೆ ಇದನ್ನು ಹುಡುಕದಿದ್ದರೆ ಇನ್ನೊಂದು ವಾರಕ್ಕೆ ಮತ್ತೆ ಅದೇ ಗತಿ. ನಮ್ಮ ಮನೆಯಲ್ಲಿ ಕಳ್ಳ ಸಿಕ್ಕಿದ್ದು ಅಪ್ಪನ ಮಂಚದ ಪಕ್ಕದಲ್ಲಿ. ಹುಟ್ಟುಹಬ್ಬಕ್ಕೆ ನಾನೇ ತಂದುಕೊಟ್ಟಿದ್ದ ಬ್ಲೂಟೂತ್ ಸ್ಪೀಕರ್. ಬೆಳಿಗ್ಗೆ ಆಕಾಶವಾಣಿ ಕೇಳೋಕೆ ಅಂತ. ರಾತ್ರಿ ಮಲಗುವಾಗ ಕನ್ನಡಕ ಸ್ಪೀಕರ್ ಪಕ್ಕಕ್ಕೆ, ವಾಚ್ ಸ್ಪೀಕರ್ ಮೇಲೆ, ಚಪ್ಪಟೆಯಾಗಿ ಹೇಳಿ ಮಾಡಿಸಿದ ಹಾಗಿತ್ತು ಆ ಜಾಗ.

ಸ್ಪೀಕರ್ ಬಿಟ್ಟರೆ ಮಾಮೂಲಿ ಶಂಕಿತರು: ಮೊಬೈಲ್ ಹಿಂದೆ ಅಂಟಿಸುವ ಮ್ಯಾಗ್ನೆಟ್ ಉಂಗುರ, ಕಾರಿನ ಮೊಬೈಲ್ ಹೋಲ್ಡರ್, ಟ್ಯಾಬ್ಲೆಟ್ ಕವರ್, ವ್ಯಾನಿಟಿ ಬ್ಯಾಗ್‌ನ ಟಕ್ ಅನ್ನುವ ಗುಂಡಿ, ಇಯರ್‌ಬಡ್ ಡಬ್ಬಿ, ಲ್ಯಾಪ್‌ಟಾಪ್‌ನ ಅಂಚು, ಇಂಡಕ್ಷನ್ ಒಲೆ, ಫ್ರಿಜ್ ಬಾಗಿಲು. ಬಿಪಿ ಕಡಿಮೆ ಮಾಡುತ್ತೆ ಅಂತ ಮಾರುವ ಮ್ಯಾಗ್ನೆಟ್ ಬ್ರೇಸ್ಲೆಟ್‌ನಿಂದ ಬಿಪಿಗೆ ಏನೂ ಆಗುವುದಿಲ್ಲ, ಅದೇ ಕೈಗೆ ಕಟ್ಟಿದ ವಾಚ್‌ಗೆ ಆಗುತ್ತದೆ.

ಇಷ್ಟೆಲ್ಲ ಓದಿ ವಾಚನ್ನು ಲಾಕರ್‌ನಲ್ಲಿ ಇಡಬೇಕಿಲ್ಲ. ಮ್ಯಾಗ್ನೆಟ್‌ನಿಂದ ದೂರ ಎರಡರಷ್ಟಾದರೆ ಅದರ ಬಲ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಸ್ಪೀಕರ್‌ಗೆ ತಾಗಿ ಇಟ್ಟರೆ ಹಾಳು, ಗೇಣು ದೂರ ಇಟ್ಟರೆ ಏನೂ ಇಲ್ಲ. ಕೈಯಲ್ಲಿ ವಾಚ್ ಕಟ್ಟಿಕೊಂಡು ಫ್ರಿಜ್ ತೆಗೆದರೆ, ಮೊಬೈಲ್ ಹಿಡಿದು ಮಾತಾಡಿದರೆ ಭಯ ಬೇಡ. ಕೆಡುವುದು ಮುಖ್ಯವಾಗಿ ರಾತ್ರಿ ಬಿಚ್ಚಿ ಇಡುವ ಜಾಗದಿಂದ. ಎಂಆರ್‌ಐ ಕೋಣೆಗೆ ಮಾತ್ರ ಯಾವ ವಾಚೂ ಒಳಗೆ ಹೋಗಬಾರದು.

ಹೊಸ ವಾಚ್ ಕೊಳ್ಳುವವರು ಆ್ಯಂಟಿಮ್ಯಾಗ್ನೆಟಿಕ್ ಅಂತ ಬರೆದಿದೆಯಲ್ಲ, ಹಾಗಂದರೇನು ಅಂತ ಕೇಳುತ್ತಾರೆ. ಐಎಸ್‌ಒ 764 ಅನ್ನೋ ಮಾನಕದ ಪ್ರಕಾರ ಆ ಮಾತಿಗೆ ಅರ್ಥ, ಮೀಟರಿಗೆ 4,800 ಆಂಪಿಯರ್, ಅಂದರೆ ಸುಮಾರು 60 ಗಾಸ್ (ಗಾಸ್ ಅನ್ನೋದು ಮ್ಯಾಗ್ನೆಟ್ ಬಲದ ಅಳತೆ) ತಡೆದುಕೊಂಡ ಮೇಲೂ ದಿನಕ್ಕೆ 30 ಸೆಕೆಂಡಿಗಿಂತ ಜಾಸ್ತಿ ತಪ್ಪಬಾರದು ಅಂತ. ವಾಚನ್ನು ಸ್ಪೀಕರ್ ಮ್ಯಾಗ್ನೆಟ್‌ಗೆ ಒತ್ತಿಟ್ಟರೆ ಅದಕ್ಕೆ ತಾಗುವ ಬಲ ಆ 60 ಗಾಸ್ ಮಿತಿಯನ್ನು ಆರಾಮಾಗಿ ದಾಟುತ್ತದೆ. ಕಬ್ಬಿಣದ ಒಳಕವಚ ಹಾಕಿ 1,000 ಗಾಸ್ ತಡೆಯುವ ಮಿಲ್‌ಗಾಸ್ ವಾಚನ್ನು ರೋಲೆಕ್ಸ್ 1950ರ ದಶಕದಲ್ಲೇ ತಂದಿತ್ತು, 2013ರಲ್ಲಿ ಒಮೇಗಾ 15,000 ಗಾಸ್ ತಡೆಯುವ ವಾಚ್ ತೋರಿಸಿತು. ಕೆಲವು ಹೊಸ ವಾಚ್‌ಗಳಲ್ಲಿ ಹೇರ್‌ಸ್ಪ್ರಿಂಗ್ ಸಿಲಿಕಾನ್‌ನದು, ಅದಕ್ಕೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. ದುಡ್ಡಿದ್ದವರು ಕೊಳ್ಳಲಿ. ನನಗೆ ದಿಕ್ಸೂಚಿ ಮತ್ತು ನೀಲಿ ಡಬ್ಬಿ ಸಾಕು.

ಇನ್ನು ಆ ಕಡ್ಡಿಯ ವಿಷಯ

ಮೊದಲ ಅಂಗಡಿಯಲ್ಲಿ ತಳ್ಳಿದರಲ್ಲ, ಆ ಕಡ್ಡಿಯ ಹೆಸರು ರೆಗ್ಯುಲೇಟರ್. ಹೇರ್‌ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದವನ್ನು ಚೂರು ಹೆಚ್ಚು ಕಡಿಮೆ ಮಾಡೋದು ಅದರ ಕೆಲಸ. ಪಕ್ಕದಲ್ಲಿ ಪ್ಲಸ್ ಮೈನಸ್ ಗುರುತೋ ಅಕ್ಷರವೋ ಇರುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಸೆಕೆಂಡ್ ತಿದ್ದೋಕೆ ಇರುವ ಕಡ್ಡಿ ಅದು. ಹನ್ನೊಂದು ನಿಮಿಷ ತಿದ್ದೋಕೆ ಹೊರಟು ಕೊನೆಯವರೆಗೂ ತಳ್ಳಿದ್ದರು.

ಹಾಗಾಗಿ ನಾನು ಮ್ಯಾಗ್ನೆಟ್ ತೆಗೆದ ಮರುದಿನ ಅಪ್ಪನ ವಾಚ್ ಸರಿ ಹೋಗಿರಲಿಲ್ಲ. ಐದು ನಿಮಿಷ ಹಿಂದೆ ಬಿದ್ದಿತ್ತು. ಅಪ್ಪ "ಇದ್ದ ಹಾಗೇ ಇದ್ದಿದ್ರೆ ಬಸ್ಸಾದರೂ ಸಿಗ್ತಿತ್ತು" ಅಂದರು. ಈ ಸಲ ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಕೂರುವ ಒಬ್ಬ ವಯಸ್ಸಾದ ರಿಪೇರಿಯವರ ಹತ್ತಿರ ಹೋದೆ. ಮುಚ್ಚಳ ತೆಗೆದು ನೋಡಿದವರೇ "ಯಾರಪ್ಪಾ ಇದನ್ನ ಇಷ್ಟು ದೂರ ನೂಕಿದ್ದು?" ಅಂದರು. ಕತೆ ಹೇಳಿದೆ. ಮೇಜಿನ ಡ್ರಾಯರ್ ಎಳೆದು ಒಂದು ಹಳೇ ಹಿತ್ತಾಳೆ ದಿಕ್ಸೂಚಿ ತೆಗೆದು ವಾಚ್ ಪಕ್ಕಕ್ಕಿಟ್ಟರು, ಮುಳ್ಳು ಸುಮ್ಮನಿತ್ತು, ತಲೆಯಾಡಿಸಿದರು. ಆಮೇಲೆ ಮರದ ಕಡ್ಡಿಯ ತುದಿಯಿಂದ ರೆಗ್ಯುಲೇಟರನ್ನು ವಾಪಸ್ ನಡುವಿಗೆ ತಂದು, ವಾಚನ್ನು ಕಿವಿಗೆ ಹಿಡಿದು ಸ್ವಲ್ಪ ಹೊತ್ತು ಕೇಳಿದರು. "ಎರಡು ದಿನ ನೋಡಿ ಹೇಳಪ್ಪ, ಇನ್ನೊಂದು ಸಲ ಮುಟ್ಟಬೇಕಾಗಬಹುದು."

ಮುಟ್ಟಬೇಕಾಯಿತು, ಒಂದೇ ಸಲ. ಈಗ ದಿನಕ್ಕೆ ಇಪ್ಪತ್ತು ಸೆಕೆಂಡ್ ಮುಂದೆ ಹೋಗುತ್ತದೆ. ಸ್ಪೀಕರ್ ಟಿವಿ ಪಕ್ಕಕ್ಕೆ ಹೋಗಿದೆ, ವಾಚ್ ರಾತ್ರಿ ಕಿಟಕಿಯ ಮೊಳೆಗೆ ನೇತುಬಿದ್ದಿರುತ್ತದೆ. ಅಪ್ಪ ಬೆಳಿಗ್ಗೆ ಕೀ ಕೊಡುವ ಮೊದಲು ದಿಕ್ಸೂಚಿ ಹತ್ತಿರ ಒಮ್ಮೆ ಹಿಡಿದು ನೋಡುತ್ತಾರೆ. ಅದು ಬೇಕಾಗಿಲ್ಲ ಅಂತ ಎಷ್ಟು ಹೇಳಿದರೂ ಕೇಳಲ್ಲ.